ಅಕ್ಕನ ಕಾರು ಸಾಗಿಸಲು ಬಂದವರು

ನಮ್ಮ ಕಡೆಯವರು ಬೇರೆ ರಾಜ್ಯಕ್ಕೆ ಮನೆ ಬದಲಿಸುವಾಗ ಕಾರು ಸಾಗಿಸಲು ನಮ್ಮವರೇ ಆದ ಒಬ್ಬ ಅಂಕಲ್‌ಗೇ ಫೋನ್ ಮಾಡುತ್ತಿದ್ದರು. ಸಾಂಟಾ ಕ್ಲಾರಾದಲ್ಲಿ ಅವರ ಪುಟ್ಟ ಆಫೀಸು. ಲಾರಿ ಹತ್ತಿಸುವ ಮುನ್ನ ಪ್ರತಿ ಕಾರಿನ ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. “ನಮ್ಮೋರ ಕೆಲ್ಸ ಅಂದ್ರೆ ನಮ್ಮನೆ ಕೆಲ್ಸ” ಎನ್ನುವುದು ಅವರ ರೂಢಿಯ ಮಾತು.

ನನ್ನಕ್ಕ ಹೊಡೆಯುವ ಗಂಡನನ್ನು ಬಿಟ್ಟು, ಸ್ಯಾನ್ ರಮೋನ್‌ನಿಂದ ಜಾರ್ಜಿಯಾ ರಾಜ್ಯದಲ್ಲಿದ್ದ ಗೆಳತಿಯ ಮನೆ ಸೇರಿದ್ದಳು. ಅಲ್ಲಿ ಕೆಲಸಕ್ಕೆ ಹೋಗಲು ಅವಳಿಗೆ ಕಾರು ಬೇಕೇ ಬೇಕಿತ್ತು. ಕೀ ಕೊಡುವಾಗ ನಾನು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮನೆಯ ವಿಷಯವನ್ನು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು.

“ಅಡ್ರೆಸ್ ಯಾರಿಗೂ ಕೊಡ್ಬೇಡಿ ಅಂಕಲ್. ಭಾವಂಗಂತೂ ಬೇಡ್ವೇ ಬೇಡ.”

“ಅಷ್ಟೂ ಗೊತ್ತಾಗಲ್ವೇನಮ್ಮಾ ನಂಗೆ?” ಎಂದು ನಕ್ಕರು.

ಲಾರಿ ಇನ್ನೂ ದಾರಿಯಲ್ಲಿರುವಾಗಲೇ ಭಾವ ವಿಮಾನ ಹತ್ತಿ ಹೋಗಿ ಆ ಮನೆಯ ಬಾಗಿಲು ಬಡಿದ. ಗೆಳತಿ ಪೊಲೀಸರನ್ನು ಕರೆಯುವಷ್ಟರಲ್ಲಿ ಅಕ್ಕ ಹಿಂಬಾಗಿಲಿನಿಂದ ಓಡಿ ತಪ್ಪಿಸಿಕೊಂಡಿದ್ದಳು. ಅವಳು ಬೇರೊಂದು ಮನೆ ಸೇರಿದ ಮೇಲೆ ನಾನು ಅಂಕಲ್‌ಗೆ ಫೋನ್ ಮಾಡಿದೆ.

“ಯಾಕೆ ಕೊಟ್ರಿ?”

“ಪಾಪ, ನಿಮ್ಮ ಭಾವ ದೇವಸ್ಥಾನದಲ್ಲಿ ಸಿಕ್ಕಿ ಅತ್ತೇಬಿಟ್ರು ಕಣಮ್ಮಾ. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಲ್ವಾ?”

“ಅವಳ ಕೈ ಮುರಿದಿದ್ದ ಅಂಕಲ್. ನಿಮಗೆ ಹೇಳಿದ್ದೆ.”

“ಹೋಗ್ಲಿ ಬಿಡು. ಈಗ ಕಾರು ಎಲ್ಲಿ ಇಳಿಸ್ಲಿ? ಅಕ್ಕನ ಹೊಸ ಅಡ್ರೆಸ್ ಹೇಳಮ್ಮಾ” ಎಂದರು, ಏನೂ ಆಗದವರಂತೆ.

ಆ ವಿಳಾಸ ನನಗೆ ಗೊತ್ತಿತ್ತು. “ಸಮುದ್ರಕ್ಕೆ ಇಳಿಸಿ” ಎಂದು ಫೋನ್ ಇಟ್ಟೆ.