ಮರುನೋಟದ ಕಾರ್ಡುಗಳು

ಜಲಜಾಳಿಗೆ ಅದೃಷ್ಟ ಇರಲಿಲ್ಲ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಅದೃಷ್ಟಕ್ಕೇನು ರೋಗ? ಆಕೆಗೆ ಅಡ್ಡ ಬಂದದ್ದು ನಮ್ಮ ಕಂಪ್ಯೂಟರ್ ಸೆಕ್ಷನ್ನಿನ ಮುಖ್ಯಸ್ಥ ವೆಂಕಟಗಿರಿ.

ಎಪ್ಪತ್ತೇಳನೇ ಇಸವಿ. ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ನಾನು ಕಾರ್ಡು ಪಂಚ್ ಮಾಡುತ್ತಿದ್ದೆ. ಆಗ ಕಂಪ್ಯೂಟರಿಗೆ ಹೇಳಬೇಕಾದ್ದನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದೇ ಕೊಡಬೇಕಿತ್ತು. ಆರ್‌ಪಿಸಿ ಲೇಔಟಿನಿಂದ ಬರುತ್ತಿದ್ದ ಜಲಜಾ ಪ್ರೋಗ್ರಾಂ ಬರೆಯುತ್ತಿದ್ದಳು. ಹುದ್ದೆ ಇನ್ನೂ ಖಾಯಂ ಆಗಿರಲಿಲ್ಲ. ಸಂಬಳದ ಲೆಕ್ಕ ಮುಗಿದು ಯಂತ್ರ ಬಿಡುವಾದಾಗ ಅದಕ್ಕೆ ಚದುರಂಗ ಕಲಿಸುತ್ತಿದ್ದಳು. ಎಲ್ಲ ನಡೆಗಳನ್ನೂ ಆಳಕ್ಕೆ ನೋಡಹೊರಟರೆ ಯಂತ್ರಕ್ಕೆ ಸಂಜೆಯಾಗಿಬಿಡುತ್ತಿತ್ತು. ಹಾಗಾಗಿ ಚೆನ್ನಾಗಿ ಕಂಡ ನಾಲ್ಕಾರನ್ನು ಪೂರ್ತಿ ನೋಡಿ, ಉಳಿದವನ್ನು ಮೇಲೆ ಮೇಲೆ ನೋಡುವಂತೆ ಬರೆದಿದ್ದಳು. ಅವುಗಳಲ್ಲಿ ಯಾವುದಾದರೂ ಜೋರು ತೋರಿಸಿದರೆ ಅದನ್ನು ಮತ್ತೆ ಪೂರ್ತಿ ನೋಡಬೇಕು.

"ಅಕ್ಕಿ ಆರಿಸಿದ ಹಾಗೆ ಕಣೇ ವತ್ಸಲಾ. ಅನುಮಾನ ಬಂದದ್ದನ್ನ ಎರಡನೇ ಸಲ ನೋಡ್ತೀವಲ್ಲ, ಅಷ್ಟೇ," ಎನ್ನುತ್ತಿದ್ದಳು.

ದೆಹಲಿಯಿಂದ ಅತಿಥಿಯೊಬ್ಬರು ಬರುವವರಿದ್ದರು. ಅವರು ಆಟ ಮೆಚ್ಚಿದರೆ ಹುದ್ದೆ ಖಾಯಂ ಎಂದು ವೆಂಕಟಗಿರಿ ಮಾತು ಕೊಟ್ಟಿದ್ದರು. ಅತಿಥಿ ಬರುವ ದಿನ ಬೆಳಿಗ್ಗೆ ವೆಂಕಟಗಿರಿ ನಮ್ಮಲ್ಲಿಗೆ ಬಂದವರೇ, "ಮೆಷಿನ್ ಥಟ್ ಅಂತ ಆಡ್ಬೇಕಮ್ಮ. ದಡ್ಡ ನಡೇನ ಎರಡೆರಡು ಸಲ ಯಾಕೆ ನೋಡೋದು?" ಎಂದರು.

"ಮೇಲ್ನೋಟಕ್ಕೆ ದಡ್ಡ ಅಷ್ಟೇ ಸಾರ್. ತೆಗೆದ್ರೆ ಮೋಸ ಹೋಗುತ್ತೆ."

"ನನಗೇ ಪಾಠ ಹೇಳ್ತೀರಾ?" ಮರುನೋಟದ ಕಾರ್ಡುಗಳನ್ನು ಕಟ್ಟಿನಿಂದ ಎಳೆದು ಆಕೆಯ ಕೈಗೆ ತುರುಕಿದರು. "ಇವು ಬೇಡ. ಬಿಸಾಕಿ."

ಆಟದ ನಡುವೆ ಅತಿಥಿ ತಮ್ಮ ಮಂತ್ರಿಯನ್ನೇ ಬಲಿ ಕೊಟ್ಟರು. ಮೇಲ್ನೋಟಕ್ಕೆ ದಡ್ಡತನವೆನಿಸುವ ಆ ನಡೆಯನ್ನು ಯಂತ್ರ ಎರಡನೇ ಸಲ ನೋಡಿಯೇ ಇರಲಿಲ್ಲ. ಮರುನಡೆಗೆ ಅದರ ರಾಜ ಸಿಕ್ಕಿಬಿದ್ದ. ಎಲ್ಲರೂ ನಕ್ಕರು.

"ಈ ಹುಡುಗಿ ಬರೆದದ್ದು ಸಾರ್. ಇನ್ನೂ ಕಲೀಬೇಕು," ಎಂದರು ವೆಂಕಟಗಿರಿ. ಕುಣಿಯಲಾರದವರಿಗೆ ನೆಲ ಡೊಂಕು. ಆ ಮನುಷ್ಯನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಜಲಜಾ ಬಾಯಿ ತೆರೆಯುವಷ್ಟರಲ್ಲಿ ಅತಿಥಿಯನ್ನು ಕಾಫಿಗೆ ಕರೆದೊಯ್ದರು.

ಸೋಮವಾರ ಆಕೆಯನ್ನು ನನ್ನ ಪಕ್ಕದ ಪಂಚಿಂಗ್ ಮೆಷಿನ್ನಿಗೆ ತಳ್ಳಿದರು. ನಾನು ಅವರ ರೂಮಿಗೇ ಹೋಗಿ ಜಗಳ ತೆಗೆದೆ. ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಬಾಗಿಲು ತೋರಿಸಿದರು.

ಮುಂದಿನ ತಿಂಗಳು ದೆಹಲಿಯವರು ಇನ್ನೊಮ್ಮೆ ಆಡಿ ನೋಡುತ್ತೇವೆ ಎಂದರು. ವೆಂಕಟಗಿರಿ ತಾವಾಗಿಯೇ ನಮ್ಮ ಮೇಜಿಗೆ ಬಂದರು. ಮಾತು ಬೆಣ್ಣೆಯಾಗಿತ್ತು.

"ಜಲಜಾ ಅವ್ರೇ, ಆ ಕಾರ್ಡುಗಳನ್ನ ವಾಪಸ್ ಸೇರಿಸ್ಕೊಡಿ."

"ನನ್ನ ಪೋಸ್ಟು ಸಾರ್?"

"ಅದನ್ನ ಆಮೇಲೆ ನೋಡೋಣ."

ಜಲಜಾ ಪಂಚ್ ಮಾಡುವುದನ್ನು ನಿಲ್ಲಿಸಲಿಲ್ಲ.

"ಬಿಸಾಕಿ ಅಂದ್ರಲ್ಲ ಸಾರ್. ನೀರೊಲೆಗೆ ಹಾಕ್ದೆ. ಅರ್ಧ ಹಂಡೆ ನೀರೂ ಕಾಯ್ಲಿಲ್ಲ."