ಹಸನಾಕನ ಅಂಗಡಿಯೆದುರು ಎರಡು ಹಾರ್ನ್

೨೦೦೬ರ ಆಗಸ್ಟ್, ಒಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದು ಅಂಗಡಿಗಳು ಆಗಷ್ಟೇ ತೆರೆದಿದ್ದವು. ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ, ನಮ್ಮ ಫ್ಲಾಟಿನ ಕೆಳಗೆ, ಹಸನಾಕನ ಕಿರಾಣಿ ಅಂಗಡಿಯ ಬಾಗಿಲಿಂದ ಹತ್ತು ಹೆಜ್ಜೆ ದೂರ ನಿಂತ ಕಾರಿನಲ್ಲಿ, ಅಪ್ಪನ ಸೀಟಿನಲ್ಲಿ ನಾನು ಕೂತಿದ್ದೆ. ನನಗೆ ಹತ್ತು ವರ್ಷ. ಈಗಲೂ ಎಲ್ಲಾದರೂ ಕಾರೊಂದು ಚುಟುಕಾಗಿ ಎರಡು ಸಲ ಹಾರ್ನ್ ಹೊಡೆದರೆ ನನಗೆ ಆ ಅಂಗಡಿಯ ಬಿಸಿ ಕುಬೂಸ್ ರೊಟ್ಟಿಯ ವಾಸನೆ ಬರುತ್ತದೆ.

ಮೊದಲೆಲ್ಲ ನಾವು ವಾರಕ್ಕೊಮ್ಮೆ ದೂರದ ದೊಡ್ಡ ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಉಪ್ಪಿನಂಗಡಿಯ ಹಸನಾಕ ಕೆಳಗೆ ಅಂಗಡಿ ಇಟ್ಟ ಮೇಲೆ ಅಮ್ಮ ಅದನ್ನು ಬಿಟ್ಟಳು. ಅವಳೊಡನೆ ತುಳು ಮಾತಾಡುವ, ಬಸಳೆ ಬಂದ ದಿನ ಫೋನ್ ಮಾಡಿ ಹೇಳುವ ಅಂಗಡಿ ಅದು. ನಿಧಾನವಾಗಿ ಇಡೀ ಓಣಿಯೇ ಅವರ ಗಿರಾಕಿಯಾಯಿತು. ಅಂಥ ಓಣಿಗಳಲ್ಲಿ ಬೆಳೆದವರಿಗೆ ಗೊತ್ತು, ಯಾರೂ ಕಾರಿನಿಂದ ಇಳಿಯುತ್ತಿರಲಿಲ್ಲ. ಎರಡು ಹಾರ್ನ್ ಹೊಡೆದರೆ ಅರುವತ್ತು ದಾಟಿದ ಹಸನಾಕ ಉರಿಬಿಸಿಲಲ್ಲಿ ಕಿಟಕಿಗೆ ಬಂದು, ಕೇಳಿ, ಒಳಗೆ ಹೋಗಿ ತಂದುಕೊಡಬೇಕು. ಪಾಪ, ಇಳಿದು ಹೋಗಬಾರದಾ ಎಂದು ಅಮ್ಮ ಅಂದರೆ, ಎಸಿ ಬಿಟ್ಟು ಯಾರು ಇಳಿಯುತ್ತಾರೆ ಎಂದು ಅಪ್ಪ ನಗುತ್ತಿದ್ದರು.

ಆ ದಿನ ಅಪ್ಪ ಎಂಜಿನ್ ಚಾಲೂ ಇಟ್ಟು, ಅಮ್ಮನನ್ನು ಕರೆಯಲು ಮೇಲೆ ಹೋಗಿದ್ದರು. ನಾನು ಹಾರ್ನ್ ಹೊಡೆದೆ. ಹಸನಾಕ ಬಂದರು. ನನಗೇನೂ ಬೇಕಿರಲಿಲ್ಲ, ಗಾಜು ಇಳಿಸಿ ನಕ್ಕೆ.

"ಎಂತ ಸಾಹುಕಾರ್ರೇ, ನಾನು ಬರ್ತೇನಾ ಅಂತ ನೋಡಿದ್ದಾ?" ಎಂದು ಅವರೂ ನಕ್ಕು ಹಿಂತಿರುಗಿದರು. ಅವರು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಮತ್ತೆ ಹೊಡೆದೆ. ಬೇಡ ಅಣ್ಣ ಎಂದಳು, ಹಿಂದಿನ ಸೀಟಿನಲ್ಲಿದ್ದ ತಂಗಿ ಸುಮ. ಹಸನಾಕ ಗಕ್ಕನೆ ತಿರುಗಿದರು. ಮೆಟ್ಟಿಲ ಅಂಚಿನಲ್ಲಿ ಚಪ್ಪಲಿ ಜಾರಿತು. ಸೊಂಟ ನೆಲಕ್ಕೆ ಬಡಿದ ಸದ್ದು ಎಸಿಯ ಗುಂಯ್ ನಡುವೆಯೂ ಕೇಳಿಸಿತು.

ಕೆಳಗಿಳಿಯುತ್ತಿದ್ದ ಅಪ್ಪ ಓಡಿ ಬಂದರು. ಹಾರ್ನ್ ಹೊಡೆದದ್ದು ಯಾರೆಂದು ಕೇಳಿದರು. ಬೇರೆ ಕಾರು, ಹೋಯಿತು ಎಂದೆ. ಕಾದ ನೆಲದ ಮೇಲೆ ಬಿದ್ದಿದ್ದ ಹಸನಾಕ ನನ್ನನ್ನೇ ನೋಡಿದರು.

"ಹೌದು, ಬೇರೆ ಕಾರು," ಎಂದರು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಿಂದ ಊರಿಗೆ ಹೋದವರು ಮತ್ತೆ ಬರಲಿಲ್ಲ. ಅಂಗಡಿ ಬೇರೆಯವರ ಕೈಸೇರಿತು, ಈಗ ಕಟ್ಟಡವೂ ಇಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಅಪ್ಪನೇ ನನಗೆ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಈಗ ಅಪ್ಪ, ಅಮ್ಮ ಇಬ್ಬರೂ ಇಲ್ಲ.

ದೋಹಾದ ಇನ್ನೊಂದು ಬದಿಯ ಅಲ್ ಗರಾಫಾದಲ್ಲಿ, ತನ್ನ ಮನೆ ಹತ್ತಿರದ ಸಣ್ಣ ಅಂಗಡಿಯೆದುರು, ಆಗಸ್ಟಿನ ಮಧ್ಯಾಹ್ನವೂ ಕಾರು ಆಫ್ ಮಾಡಿ, ಇಳಿದು, ನಡೆದು ಒಳಗೆ ಹೋಗುವವಳು ಒಬ್ಬಳಿದ್ದಾಳೆ. ಅವತ್ತು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ಇನ್ನೂ ಇರುವವಳು ಅವಳೊಬ್ಬಳೇ, ಸುಮ.