ನಶ್ಯ ಬಿಟ್ಟ ಕೀರ್ತಿ

ತನ್ನನ್ನು ತಾನು ಗೆಲ್ಲುವುದಕ್ಕಿಂತ ದೊಡ್ಡ ಗೆಲುವು ಮನುಷ್ಯನಿಗೆ ಇನ್ನೊಂದಿಲ್ಲ. ನಾನು ಗೆದ್ದೆ, ಕೀರ್ತಿ ಹೆಂಡತಿಯ ತವರಿನ ದೇವರಿಗೆ ಹೋಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ಯಲಹಂಕದಿಂದ ಹೆಬ್ಬಾಳದ ಮೇಲೆ ಕಚೇರಿಗೆ ಹೋಗುವ ಬಸ್ಸಿನಲ್ಲಿ ನನಗಿಂತ ನನ್ನ ನಶ್ಯದ ಡಬ್ಬಿಗೇ ಹೆಚ್ಚು ಮರ್ಯಾದೆ. ಒಂದು ಬೆಳಿಗ್ಗೆ ಹೆಬ್ಬಾಳ ಕೆರೆ ದಾಟುವಾಗ ನೋಡುತ್ತೇನೆ, ನನ್ನ ಬಲಗೈ ತಾನಾಗಿ ಜೇಬಿಗೆ ಹೋಯಿತು, ಡಬ್ಬಿ ತೆಗೆಯಿತು, ಮುಚ್ಚಳದ ಮೇಲೆ ಎರಡು ಸಲ ತಟ್ಟಿ ಚಿಟಿಕೆ ಹಿಡಿಯಿತು. ನಾನು ಹೇಳಿರಲಿಲ್ಲ. ಹದಿನೆಂಟು ವರ್ಷ ಈ ಮೂಗಿನ ಯಜಮಾನಿಕೆ ಯಾರದಾಗಿತ್ತು ಎಂಬ ಪ್ರಶ್ನೆ ಮೊದಲ ಸಲ ಹುಟ್ಟಿತು. ಅವಮಾನವಾಯಿತು. ಅಂದು ಸಂಜೆಯೇ ಡಬ್ಬಿಯನ್ನು ಪುಟ್ಟೇನಹಳ್ಳಿ ಕೆರೆಗೆ ಎಸೆದೆ.

ಆಮೇಲಿನ ದಿನಗಳನ್ನು ವರ್ಣಿಸುವುದಿಲ್ಲ. ತಲೆ ಸಿಡಿಯುತ್ತಿತ್ತು. ಬರೆದ ಕಾಗದವನ್ನೇ ಮತ್ತೆ ಬರೆಯುತ್ತಿದ್ದೆ. ಕೈ ದಿನಕ್ಕೆ ನೂರು ಸಲ ಬರಿಜೇಬಿಗೆ ಹೊರಡುತ್ತಿತ್ತು, ನೂರು ಸಲವೂ ನಾನೇ ಅದನ್ನು ಹಿಂದಕ್ಕೆ ಕರೆದೆ. ಯಾವ ದೇವರೂ ಬಂದು ಮಣಿಕಟ್ಟು ಹಿಡಿದದ್ದನ್ನು ನಾನು ಕಾಣೆ.

ಎರಡು ತಿಂಗಳ ಮೇಲೆ, ಕಂದು ಕಲೆಯಿಲ್ಲದ ನನ್ನ ಕರವಸ್ತ್ರ ಒಗೆಯುತ್ತ ಹೆಂಡತಿ ಸಮಾಧಾನವಾಗಿ ತಿಳಿಸಿದಳು: ನಾನು ನಶ್ಯ ಬಿಟ್ಟರೆ ನನ್ನ ಮುಡಿ ಕೊಡಿಸುತ್ತೇನೆಂದು ಚಿಕ್ಕಜಾಲದಾಚೆಯ ತನ್ನ ತವರಿನ ದೇವರಿಗೆ ಯುಗಾದಿಯಲ್ಲೇ ಹರಕೆ ಹೊತ್ತಿದ್ದಳಂತೆ. ಹರಕೆ ಅವಳದು, ತಲೆ ನನ್ನದು.

"ಬಿಟ್ಟಿದ್ದು ನಾನು ಕಣೇ," ಎಂದೆ.

"ಹದಿನೆಂಟು ವರ್ಷದಿಂದ್ಲೂ ನೀವೇ ಇದ್ರಲ್ಲ. ಆಗ್ಯಾಕ್ರೀ ಬಿಡ್ಲಿಲ್ಲ?"

ಕೋಪ ಬಂತು. ಇಚ್ಛೆ ನನ್ನದೇ ಎಂದು ಸಾಬೀತುಪಡಿಸಲು ಮರುದಿನ ಬಸ್ಸಿನಲ್ಲಿ ಪಕ್ಕದವರ ಡಬ್ಬಿಯಿಂದ ಒಂದು ಚಿಟಿಕೆ ತೆಗೆದೆ. ಮೂಗಿನ ಹತ್ತಿರ ತಂದಾಗ ಹೊಳೆಯಿತು. ಏರಿಸಿದರೆ, ಹರಕೆ ತೀರಿಸದ್ದಕ್ಕೆ ದೇವರು ಮುನಿದು ಚಟವನ್ನು ವಾಪಸು ಕಳಿಸಿದ ಎನ್ನುತ್ತಾಳೆ. ಏರಿಸದಿದ್ದರೆ ಅದು ದೇವರ ಕೃಪೆ. ಎತ್ತ ಹೊರಳಿದರೂ ಕೀರ್ತಿಗೆ ಆಗಲೇ ವಾರಸುದಾರರಿದ್ದರು. ನನಗೆ ಉಳಿದದ್ದು ತಲೆನೋವು ಮಾತ್ರ. ಚಿಟಿಕೆಯನ್ನು ಕಿಟಕಿಯಾಚೆ ಉದುರಿಸಿದೆ.

"ಬೇಡ ಅಂದ್ರೆ ಡಬ್ಬಿಗೇ ಹಾಕ್ಬೋದಿತ್ತಲ್ಲ ಸ್ವಾಮಿ," ಎಂದು ಪಕ್ಕದವರು ಗೊಣಗಿದರು.

ಭಾನುವಾರ ದೇವಸ್ಥಾನದ ಮುಂದೆ ಕ್ಷೌರಿಕ ನನ್ನ ತಲೆಗೆ ನೀರು ತಟ್ಟುವಾಗ ಹೆಂಡತಿ ಕೈಮುಗಿದು ನಿಂತಿದ್ದಳು, ಗರ್ಭಗುಡಿಯ ಕಡೆಗೆ. ಸೋಮವಾರ ಬಸ್ಸು ಹತ್ತಿದಾಗ ಅದೇ ಪಕ್ಕದವರು ನನ್ನ ಬೋಳುತಲೆ ಕಂಡು, ಕಿಟಕಿಯ ಜಾಗ ಬಿಟ್ಟುಕೊಟ್ಟು, ದನಿ ತಗ್ಗಿಸಿ ಕೇಳಿದರು:

"ತಂದೆಯವ್ರಾ, ತಾಯಿಯವ್ರಾ?"

ಇಬ್ಬರೂ ಕ್ಷೇಮವಾಗಿದ್ದಾರೆ ಎಂದೆ. ದೀಪಾವಳಿಯ ಹೊತ್ತಿಗೆ ಕೂದಲು ಬಂತು. ನಶ್ಯ ಮತ್ತೆ ಮುಟ್ಟಲಿಲ್ಲ.